ದಾಖಲೆ ಕೊಠಡಿಯ ಧೂಳು ಮತ್ತು ಗುಮಾಸ್ತರ ಮೂಗು

ಸಂಖ್ಯೆ: ದಾಕೊ/ಮೂಗು/17/ಭಾಗ-2

ವಿಷಯ: ದಾಖಲೆ ಕೊಠಡಿಯ ಗುಮಾಸ್ತರು ಸೀನುತ್ತಿರುವ ಹಾಗೂ ವರ್ಗಾವಣೆ ಕೋರಿರುವ ಬಗ್ಗೆ.

ಉಲ್ಲೇಖ: (1) ಗುಮಾಸ್ತರ ಮನವಿ, ಮೂರು ವರ್ಷ ಹಿಂದಿನದು. (2) ವೈದ್ಯರ ಚೀಟಿ. (3) ಗುಮಾಸ್ತರ ಪತ್ನಿಯ ದೂರವಾಣಿ ಕರೆ.

ಸದರಿ ಗುಮಾಸ್ತರು ಬೆಳಗ್ಗೆ ಕಪಾಟು ತೆರೆದೊಡನೆ ಸಾಲಾಗಿ ಹನ್ನೊಂದು ಬಾರಿ ಸೀನುವುದು, ಕಣ್ಣು ಉಜ್ಜಿಕೊಳ್ಳುವುದು, ಅವರ ಮೂಗಿನಿಂದ ತಿಳಿನೀರು ಸುರಿಯುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಜ್ವರವಿಲ್ಲದೆ, ಕಪಾಟು ತೆರೆದಾಗಲಷ್ಟೇ ಬರುವ ಕಾರಣ ಇದು ನೆಗಡಿಯಲ್ಲ, ಧೂಳಿನ ಅಲರ್ಜಿ ಎಂದು ವೈದ್ಯರು ಬರೆದಿರುತ್ತಾರೆ. ಆದ್ದರಿಂದ ಕೆಳಕಂಡಂತೆ ಆದೇಶಿಸಿದೆ:

1. ಒದ್ದೆ ಬಟ್ಟೆಯಿಂದ ಧೂಳು ಒರೆಸಬೇಕೆಂಬ ವೈದ್ಯರ ಸಲಹೆಯನ್ನು ಒಪ್ಪಲಾಗದು. ಕಡತವನ್ನು ಯಾರೂ ಮುಟ್ಟಿಲ್ಲವೆಂಬುದಕ್ಕೆ ಈ ಕಚೇರಿಯಲ್ಲಿ ಧೂಳೇ ಸಾಕ್ಷಿ. ತಪಾಸಣಾಧಿಕಾರಿಗಳು ಅದರ ಮೇಲೆ ಬೆರಳಿನಿಂದ ಗೀರೆಳೆದು, ಕಡತ ಎಷ್ಟು ವರ್ಷದಿಂದ ಬಾಕಿ ಇದೆಯೆಂದು ನಿರ್ಧರಿಸುತ್ತಾರೆ.

2. ಕಿಟಕಿ ತೆರೆದಲ್ಲಿ ಸಾರ್ವಜನಿಕ ಧೂಳು ಇಲಾಖೆಯ ಧೂಳಿನೊಂದಿಗೆ ಬೆರೆಯುವ ಸಂಭವವಿದೆ. ಕಿಟಕಿಗೆ ಬಡಿದಿರುವ ಮೊಳೆಗಳನ್ನು ಮುಂದುವರಿಸುವುದು.

3. ಮುಖಗವಸು ಧರಿಸಬಹುದು. ಹಾಜರಾತಿಯಲ್ಲಿ ಗುರುತಿಗಾಗಿಯೂ, ಕಡತದ ಶೀರ್ಷಿಕೆಯನ್ನು ಗಟ್ಟಿಯಾಗಿ ಓದಿ ಹೇಳುವಾಗಲೂ ಅದನ್ನು ತೆಗೆದಿರತಕ್ಕದ್ದು.

4. ಸೀನು ಬರುವ ಸೂಚನೆ ದೊರೆತೊಡನೆ ನಮೂನೆ ತುಂಬಿ, ಮೇಲ್ವಿಚಾರಕರ ಅನುಮೋದನೆ ಪಡೆದು ಸೀನುವುದು. ಬಂದಂತಾಗಿ ಹಿಂತಿರುಗಿದ ಸೀನನ್ನು 'ರದ್ದು' ಎಂದು ನಮೂದಿಸುವುದು.

5. "ಭಾನುವಾರ ಮನೇಲಿ ಇವರು ಒಂದು ಸಲಾನೂ ಸೀನಲ್ಲ ಸ್ವಾಮಿ. ನಿಮ್ಮ ಧೂಳು ನೀವಿಟ್ಕೊಳ್ಳಿ, ಇವರ ಮೂಗು ನಮಗೆ ಬಿಟ್ಕೊಡಿ" ಎಂದು ಪತ್ನಿಯವರು ತಿಳಿಸಿರುವುದನ್ನು ಪರಿಶೀಲಿಸಲಾಯಿತು. ಭಾನುವಾರದ ಮೂಗು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.

6. ಮೂರು ವರ್ಷ ಬಾಕಿ ಉಳಿದ ಮನವಿಯನ್ನು ಮಂಜೂರು ಮಾಡಲೇಬೇಕೆಂಬ ನಿಯಮವಿದೆ. ಅದರಂತೆ ಕಳೆದ ಸೋಮವಾರ ತಪಾಸಣಾಧಿಕಾರಿಗಳ ಎದುರಿಗೆ ಗುಮಾಸ್ತರು ತಮ್ಮ ಮನವಿಯ ಕಡತವನ್ನು ತಾವೇ ಕೆಳಗಿಳಿಸಿದರು. ಎರಡೂ ಕೈಗಳಲ್ಲಿ ಅದನ್ನು ಹಿಡಿದು, ಬಹಳ ಹೊತ್ತು ಉಸಿರು ಬಿಗಿಹಿಡಿದು ನಿಂತಿದ್ದುದನ್ನು ಹಾಜರಿದ್ದವರೆಲ್ಲ ದೃಢಪಡಿಸಿರುತ್ತಾರೆ. ಅಧಿಕಾರಿಗಳು ಬೆರಳು ಚಾಚುವಷ್ಟರಲ್ಲಿ ಗುಮಾಸ್ತರು ಸೀನಿದರು. ಕಡತದ ಮೇಲೆ ಧೂಳು ಉಳಿಯಲಿಲ್ಲ.

7. ಆದ್ದರಿಂದ ಸದರಿ ಮನವಿಯು ಅಂದೇ ಸ್ವೀಕೃತವಾದುದೆಂದು ಪರಿಗಣಿಸಿ, ಮುಂದಿನ ಮೂರು ವರ್ಷ ದಾಖಲೆ ಕೊಠಡಿಯಲ್ಲಿ ಇರಿಸಲು, ಅದರ ರಕ್ಷಣೆಗೆ ಸದರಿ ಗುಮಾಸ್ತರನ್ನೇ ಮುಂದುವರಿಸಲು ಈ ಮೂಲಕ ಆದೇಶಿಸಿದೆ.

ಸಹಿ/-
ಮುಖ್ಯಸ್ಥರ ಪರವಾಗಿ
(ಮುಖ್ಯಸ್ಥರು ದಾಖಲೆ ಕೊಠಡಿಯನ್ನು ಪ್ರವೇಶಿಸುವುದಿಲ್ಲ)

ಪ್ರತಿಗಳು:
1. ವೈದ್ಯರಿಗೆ, ಓದಲು ಬರುವ ಅಕ್ಷರದಲ್ಲಿ ಚೀಟಿಯನ್ನು ಮತ್ತೊಮ್ಮೆ ಬರೆಯುವ ಕೋರಿಕೆಯೊಂದಿಗೆ.
2. ಗುಮಾಸ್ತರ ಪತ್ನಿಗೆ, ಮಾಹಿತಿಗಾಗಿ.
3. ಸದರಿ ಗುಮಾಸ್ತರಿಗೆ, ಸಹಿ ಮಾಡಿ ಪಡೆದು, ತಮ್ಮ ಕಡತದಲ್ಲಿ ತಾವೇ ಇರಿಸಲು.