ಟರ್ಬೊ ಗಾಡಿಗೆ ಅರವತ್ತೊಂದನೆಯ ಸಲಹೆ

ನನಗೆ ಬರೆದಿಡುವ ಚಟವಿದೆ. ಇದನ್ನು ಗುಣ ಎಂದು ನಾನೂ, ರೋಗ ಎಂದು ನನ್ನ ಹೆಂಡತಿ ಅಶ್ವಿನಿಯೂ ನಂಬಿದ್ದೇವೆ. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಕ್ಷೌರ ಮಾಡಿಸಿಕೊಂಡ ದಿನ, ಹಲ್ಲುಜ್ಜುವ ಬ್ರಶ್ಶು ಬದಲಿಸಿದ ದಿನ, ಎಲ್ಲವೂ ನನ್ನ ಡೈರಿಯಲ್ಲಿ ಸಿಗುತ್ತವೆ. ಮದುವೆಯಾದ ಹೊಸದರಲ್ಲಿ ಅಶ್ವಿನಿ ಹಳೆಯ ಡೈರಿಯೊಂದನ್ನು ಪ್ರೀತಿಯಿಂದ ಬಿಡಿಸಿ, ಅವಳನ್ನು ನೋಡಲು ನಾವು ಬೆಳಗಾವಿಗೆ ಹೋಗಿದ್ದ ದಿನದ ಪುಟವನ್ನು ಹುಡುಕಿದಳು. ಅಲ್ಲಿ ಹೀಗಿತ್ತು: 'ಹುಡುಗಿ ನೋಡಿದ್ದು. ಉಪ್ಪಿಟ್ಟು ಚೆನ್ನಾಗಿತ್ತು. ಹುಡುಗಿ ಎರಡು ಸಲ ನಕ್ಕಳು.' ಅಂದಿನಿಂದ ಆಕೆ ನನ್ನ ಡೈರಿಗಳನ್ನು ಮುಟ್ಟಿಲ್ಲ. ಆದರೆ ಮನೆಗೆ ಬಂದವರ ಮುಂದೆ ನಕ್ಕಾಗಲೆಲ್ಲ, "ಬರಕೋರಿ, ಇದು ಮೂರನೇದು" ಎನ್ನುತ್ತಾಳೆ.

ಇಂಥ ನಾನು ಈ ವರ್ಷ ಮಳೆಗಾಲದ ಆರಂಭದಲ್ಲಿ ಒಂದು ಹಳೆಯ ವೇಗದ ಕಾರು ಕೊಂಡೆ. ಆರು ವರ್ಷ ಹಳೆಯದು, ಟರ್ಬೊ ಎಂಜಿನ್ನು, ಹಿಂದೆ ಎರಡು ಹೊಗೆ ಕೊಳವೆ, ಕಡುನೀಲಿ ಬಣ್ಣ. ಕೊಟ್ಟವರು ಪುಣೆಯಲ್ಲಿ ನಮ್ಮ ಕೋಥರೂಡದಲ್ಲೇ ಇರುವ ಒಬ್ಬ ದಂತವೈದ್ಯರು. ಎಂಟು ಸೆಕೆಂಡಿನಲ್ಲಿ ಸೊನ್ನೆಯಿಂದ ನೂರು ಮುಟ್ಟುತ್ತದೆ ಎಂದರು. ನಮ್ಮ ಸೊಸೈಟಿಯ ಗೇಟಿನಿಂದ ಮುಖ್ಯರಸ್ತೆಗೆ ಏಳು ಹಂಪುಗಳಿವೆ, ಎಣಿಸಿದ್ದೇನೆ. ಅಲ್ಲಿ ಸೊನ್ನೆಯಿಂದ ಹತ್ತು ಮುಟ್ಟಿದವನೇ ಪುಣ್ಯವಂತ. ಆದರೂ ಕೊಂಡೆ. ಯಾಕೆ ಎಂದು ಕೇಳಬೇಡಿ. ಡೈರಿಯಲ್ಲಿ ಕಾರಣದ ಕಾಲಂ ಖಾಲಿ ಇದೆ.

ಗಾಡಿ ಬಂದ ದಿನ ಮೊದಲು ಇಳಿದುಬಂದವರು ಮೇಲಿನ ಮಹಡಿಯ ಕುಲಕರ್ಣಿ ಕಾಕಾ. ಧಾರವಾಡದವರು, ನಿವೃತ್ತರು. ಹದಿನೆಂಟು ವರ್ಷದಿಂದ ಒಂದೇ ಪುಟ್ಟ ಕಾರನ್ನು ಓಡಿಸುತ್ತಿದ್ದಾರೆ. ಅದನ್ನು ವರ್ಷಕ್ಕೊಮ್ಮೆ, ದಸರೆಗೆ ಮಾತ್ರ ತೊಳೆಯುತ್ತಾರೆ. ನನ್ನ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದರ ಹೊಟ್ಟಿ ನೆಲಕ್ಕ ಹತ್ತೇದಲ್ಲೋ ಗಿರೀಶಾ. ಹಲ್ಲಿ ಕೂತ್ಹಂಗ ಕೂತದ" ಎಂದರು. ಅವ್ವ ಹಿಂದಿನ ಸೀಟಿನಲ್ಲಿ ಒಮ್ಮೆ ಕೂತು ನೋಡಿದಳು. "ಕೂಡೂದೇನೋ ಕೂಡ್ತೇನಿ. ಎಬ್ಬಸ್ಲಿಕ್ಕೆ ಇಬ್ಬರನ್ನ ಕರಕೊಂಡು ಹೋಗಬೇಕು" ಎಂದಳು.

ಅಶ್ವಿನಿ ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದರೆ ನಾನು ತಾರೀಖು ಬರೆದಿಟ್ಟುಕೊಳ್ಳುತ್ತೇನೆ. ಸಂಜೆ ಚಹಾ ಕೊಡುತ್ತ ಷರತ್ತು ಹಾಕಿದಳು. "ದಸರಾಕ್ಕ ಶಿರೂರಿನ ಮಾಮಾನ ಮನಿಗೆ ಬನ್ನಿ ಕೊಡ್ಲಿಕ್ಕೆ ಇದೇ ಗಾಡಿಯೊಳಗ ಹೋಗಿ ಬರೋಣು. ದಾರ್ಯಾಗ ಎಲ್ಲೂ ನಿಲ್ಲಬಾರದು. ನಿಂತಿತೋ, ಮರುದಿನಾನ ಮಾರಿಬಿಡ್ರಿ. ಹೋದ ವರ್ಷದ ಉಳ್ಳಾಗಡ್ಡಿ ಟೆಂಪೊ ನೆನಪದ ಅಲ್ಲ?"

ನೆನಪಿತ್ತು. ಕಳೆದ ದಸರೆಗೆ ನನ್ನ ಹಿಂದಿನ ಗಾಡಿ ಪುಣೆಯಿಂದ ಶಿರೂರಿಗೆ ಹೋಗುವ ದಾರಿಯಲ್ಲಿ ಕೈಕೊಟ್ಟಿತ್ತು. ಅಶ್ವಿನಿಯ ಸೋದರಮಾವನ ಮನೆಗೆ ನಾವು ಈರುಳ್ಳಿ ತುಂಬಿದ ಟೆಂಪೊದಲ್ಲಿ ಹೋಗಿ ಇಳಿದೆವು. ಅವ್ವ ರೇಷ್ಮೆ ಸೀರೆಯಲ್ಲಿ ಚಾಲಕನ ಪಕ್ಕ, ನಾವಿಬ್ಬರು ಹಿಂದೆ ಚೀಲಗಳ ಮೇಲೆ. ಮಾಮಾ ಬನ್ನಿ ಎಲೆ ತೆಗೆದುಕೊಂಡು, "ಬಂಗಾರದ ಜೋಡಿ ಉಳ್ಳಾಗಡ್ಡೀನೂ ತಂದೀರೇನು?" ಎಂದು ಕೇಳಿದ್ದರು. ಈ ಸಲ ಹಾಗಾಗಬಾರದು. ದಸರೆಗೆ ನಾಲ್ಕು ತಿಂಗಳಿತ್ತು. ನಾನು ಇನ್ನೂರು ಪುಟದ ಹೊಸ ನೋಟುಬುಕ್ಕು ತಂದು, ಗಾಡಿಯ ಪಾಲನೆಗೆ ಸಲಹೆ ಸಂಗ್ರಹಿಸಲು ಕೂತೆ.

ಪುಣೆಯಲ್ಲಿ ಸಲಹೆಗೆ ಹುಡುಕಾಡಬೇಕಾಗಿಲ್ಲ. ಬಾನೆಟ್ಟು ತೆರೆದು ಸುಮ್ಮನೆ ನಿಂತರೆ ಸಾಕು. ಹಾಲಿನವನು, ಪೇಪರಿನವನು, ಯಾರದೋ ಮನೆಗೆ ಫ್ರಿಜ್ಜು ರಿಪೇರಿಗೆ ಬಂದವನು, ಎಲ್ಲರೂ ನಿಂತು ಒಂದೊಂದು ಹೇಳಿ ಹೋಗುತ್ತಾರೆ. ನಾನು ನಾಲ್ಕು ಕಾಲಂ ಹಾಕಿದ್ದೆ: ತಾರೀಖು, ಸಲಹೆಗಾರರ ಹೆಸರು, ಸಲಹೆ, ಮತ್ತು ಸಲಹೆಗಾರರ ಅನುಭವ. ಕೊನೆಯ ಕಾಲಂ ನನ್ನ ಹೆಮ್ಮೆಯದು. ಯಾರು ಎಷ್ಟು ಓಡಿಸಿ ಮಾತಾಡುತ್ತಿದ್ದಾರೆ ಎಂಬುದು ಗೊತ್ತಿರಬೇಕಲ್ಲವೇ? 'ಕುಲಕರ್ಣಿ ಕಾಕಾ: ಹದಿನೆಂಟು ವರ್ಷ.' 'ವಾಚ್‌ಮನ್: ಕಾರಿನಲ್ಲಿ ಕೂತದ್ದು ಎರಡು ಸಲ, ಎರಡೂ ಸಲ ಮದುವೆಗೆ.' ಇಷ್ಟು ನಿಷ್ಪಕ್ಷಪಾತವಾಗಿ ಬರೆದ ಮೇಲೆ ಎಲ್ಲರ ಸಲಹೆಯನ್ನೂ ಸಮಾನ ಗೌರವದಿಂದ ಪಾಲಿಸಿದೆ. ತಪ್ಪು ಅಲ್ಲೇ ಶುರುವಾಯಿತು ಎಂದು ಈಗ ತಿಳಿಯುತ್ತದೆ.

ಮೊದಲ ಸಲಹೆ ನನ್ನ ಕಚೇರಿಯ ನವೀನನದು. ಬೆಂಗಳೂರಿನ ಹುಡುಗ, ಕಾರುಗಳ ಹುಚ್ಚ. "ಗುರು, ಫಸ್ಟು ಎಲ್ಲಾ ಆಯಿಲ್ ಚೇಂಜ್ ಮಾಡಿಸ್ಬಿಡು. ಎಂಜಿನ್ದು, ಗೇರ್‌ದು, ಬ್ರೇಕ್‌ದು, ಕೂಲಂಟೂ. ಹಳೇ ಓನರ್ ದೇವರಾಣೆ ಮಾಡಿದ್ರೂ ನಂಬ್ಬೇಡ" ಎಂದ. ಸರಿ ಎನಿಸಿತು. ಹಡಪಸರದಲ್ಲಿ ಗೋಕಾಕ ಕಡೆಯ ಬಸು ಮಾಮಾ ಎಂಬ ಮೆಕ್ಯಾನಿಕ್ ಇದ್ದಾರೆ. ಅವರಲ್ಲಿಗೆ ಒಯ್ದೆ. ಹೋಗಿ ಬರಲು ಮೂವತ್ತಾರು ಕಿಲೋಮೀಟರು. ಬಸು ಮಾಮಾ ಎಲ್ಲ ಎಣ್ಣೆ ಬದಲಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ತಮ್ಮ ಕಿವಿಗೂ ಹಚ್ಚಿ, ಕಣ್ಣು ಮುಚ್ಚಿ ಕೇಳಿದರು. ಆಮೇಲೆ, "ಗಾಡಿ ಛಲೋ ಐತ್ರಿ. ಏನೂ ಬ್ಯಾನಿ ಇಲ್ಲ. ಓಡಸ್ರಿ" ಎಂದರು.

ನಾನು ಪೆನ್ನು ಹಿಡಿದು ಕಾದೆ. "ಮತ್ತೆ?"

"ಮತ್ತೇನಿಲ್ರಿ. ಓಡಸ್ರಿ."

ಇದರಲ್ಲಿ ತಾಂತ್ರಿಕವಾದದ್ದು ಏನೂ ಕಾಣಲಿಲ್ಲ. ಅಂಗಡಿಯವರು 'ಮತ್ತೆ ಬರ್ರಿ' ಎನ್ನುವ ಹಾಗೆ ಇದೂ ಒಂದು ಉಪಚಾರದ ಮಾತು ಎಂದುಕೊಂಡು ಪೆನ್ನಿಗೆ ಟೊಪ್ಪಿಗೆ ಹಾಕಿದೆ. ಮರುದಿನ ದೇವಸ್ಥಾನ, ಅದರ ಮರುದಿನ ಪೆಟ್ರೋಲ್ ಪಂಪು, ಎರಡೂ ಸೇರಿ ಏಳು ಕಿಲೋಮೀಟರು. ಅಲ್ಲಿಗೆ ನನ್ನ ಕೈಯಲ್ಲಿ ಗಾಡಿ ನಲವತ್ತಮೂರು ಕಿಲೋಮೀಟರು ಓಡಿತ್ತು.

ಆಮೇಲೆ ಸಲಹೆಗಳು ದಟ್ಟವಾದವು. "ಟರ್ಬೊ ಗಾಡಿ ಗುರು, ನಾಲ್ಕೈದು ಕಿಲೋಮೀಟ್ರಿಗೆಲ್ಲ ಸ್ಟಾರ್ಟ್ ಮಾಡ್ಬೇಡ. ಆಯಿಲ್ ಬಿಸಿನೇ ಆಗಲ್ಲ" ಎಂದ ನವೀನ. ಅಂದರೆ ಸಮೀಪಕ್ಕೆ ಒಯ್ಯುವಂತಿಲ್ಲ. "ಟ್ರಾಫಿಕ್‌ನ್ಯಾಗ ಒಯ್ಯಬ್ಯಾಡೋ, ಕ್ಲಚ್ ಸುಡ್ತದ" ಎಂದರು ಕಾಕಾ. ಅಂದರೆ ದೂರಕ್ಕೂ ಒಯ್ಯುವಂತಿಲ್ಲ. ಈ ಊರಲ್ಲಿ ದೂರ ಎನ್ನುವುದು ಟ್ರಾಫಿಕ್ಕಿನ ಆಚೆಗಿದೆ. ಮಳೆಯಲ್ಲಿ ತೆಗೆಯಬೇಡಿ, ಗುಂಡಿ ಕಾಣುವುದಿಲ್ಲ ಎಂದು ವಾಚ್‌ಮನ್ ಮರಾಠಿಯಲ್ಲಿ ಎಚ್ಚರಿಸಿದ. ಬಿಸಿಲಲ್ಲಿ ನಿಲ್ಲಿಸಬೇಡಿ, ಬಣ್ಣ ಮಾಸುತ್ತದೆ ಎಂದು ಸೊಸೈಟಿಯ ಸೆಕ್ರೆಟರಿ. ಮಂಗಳವಾರ ಬೇಡ, ಅಮಾವಾಸ್ಯೆ ಬೇಡ, ರಾಹುಕಾಲದಲ್ಲಿ ಬೇಡವೇ ಬೇಡ ಎಂದು ಅವ್ವ. ಅವ್ವನ ಅನುಭವದ ಕಾಲಮ್ಮಿನಲ್ಲಿ 'ನನ್ನನ್ನು ಸಾಕಿದ್ದು' ಎಂದು ಬರೆದೆ.

ಅರವತ್ತು ಸಲಹೆಗಳಾದವು. ನಾನು ಕ್ಯಾಲೆಂಡರ್ ಎದುರಿಗಿಟ್ಟುಕೊಂಡು, ಯಾವ ಸಲಹೆಯಂತೆ ಯಾವ ದಿನ ಗಾಡಿ ತೆಗೆಯಬಾರದೋ ಆ ದಿನಗಳನ್ನೆಲ್ಲ ಕೆಂಪು ಪೆನ್ಸಿಲಿನಿಂದ ಹೊಡೆಯುತ್ತ ಬಂದೆ. ಜೂನಿನಿಂದ ದಸರೆಯವರೆಗೆ ಒಟ್ಟು ಒಂದು ಗುರುವಾರ ಉಳಿಯಿತು. ಆ ಗುರುವಾರ ನಮ್ಮ ಗೇಟಿಗೆ ಅಡ್ಡಲಾಗಿ ನೀರಿನ ಟ್ಯಾಂಕರು ನಿಂತಿತ್ತು.

ಹಾಗೆಂದು ನಾನು ಗಾಡಿಯನ್ನು ಅಲಕ್ಷಿಸಿದೆ ಎಂದು ತಿಳಿಯಬೇಡಿ. ಅಶ್ವಿನಿ ತನ್ನ ಸ್ಕೂಟರಿನಲ್ಲಿ ಹಡಪಸರದ ಕಚೇರಿಗೆ ಹೊರಡುವ ಮೊದಲು, ನಾನು ಸಿಟಿ ಬಸ್ಸು ಹಿಡಿಯುವ ಮೊದಲು, ದಿನಾ ಬೆಳಿಗ್ಗೆ ಕಾಲು ಗಂಟೆ ಗಾಡಿಗೇ ಮೀಸಲು. ಹೊದಿಕೆ ತೆಗೆದು, ಒಳಗೆ ಕೂತು, ಎಂಜಿನ್ನು ಶುರುಮಾಡದೆ ಕೀಲಿಯನ್ನು ಅರ್ಧ ಮಾತ್ರ ತಿರುಗಿಸುತ್ತಿದ್ದೆ. ಎದುರಿನ ಫಲಕ ದೀಪಾವಳಿಯಂತೆ ಬೆಳಗುತ್ತಿತ್ತು. ಪೆಟ್ರೋಲು ಎಷ್ಟು, ಶಾಖ ಎಷ್ಟು, ಬ್ಯಾಟರಿ ಎಷ್ಟು ವೋಲ್ಟು, ಎಲ್ಲ ಅದೇ ನೋಟುಬುಕ್ಕಿನ ಕೊನೆಯ ಪುಟಗಳಲ್ಲಿ ಬೇರೆ ಕಾಲಂ ಹಾಕಿ ಬರೆದುಕೊಳ್ಳುತ್ತಿದ್ದೆ. ತೇವ ಹಿಡಿಯಬಾರದೆಂದು ಐದು ನಿಮಿಷ ಫ್ಯಾನು. ಸ್ಪೀಕರು ಜಡ್ಡುಗಟ್ಟಬಾರದೆಂದು ಎರಡು ಭಜನೆ. ಆಮೇಲೆ ಒರೆಸಿ ಮತ್ತೆ ಹೊದಿಸುತ್ತಿದ್ದೆ. ಕಾಕಾ ಬಾಲ್ಕನಿಯಿಂದ ಚಹಾ ಹೀರುತ್ತ, "ಆತೇನೋ ಪೂಜಿ? ತೀರ್ಥ ಎಲ್ಲಿ?" ಎನ್ನುತ್ತಿದ್ದರು.

ದಸರೆಯ ಹಿಂದಿನ ದಿನ, ಖಂಡೇನವಮಿಯಂದು ನಿಜವಾದ ಪೂಜೆಯೇ ಆಯಿತು. ಚೆಂಡುಹೂವಿನ ಹಾರ, ಕುಂಕುಮ, ನಾಲ್ಕು ಗಾಲಿಗೆ ನಾಲ್ಕು ಲಿಂಬೆಹಣ್ಣು. "ಒಂಚೂರು ಮುಂದ ತಗೋಪಾ, ಲಿಂಬಿಹಣ್ಣು ಒಡೀಲಿ" ಎಂದಳು ಅವ್ವ. ಒಂದಡಿ ದೂರಕ್ಕೆ ಟರ್ಬೊ ಎಂಜಿನ್ನು ಶುರುಮಾಡುವುದು ಎಷ್ಟು ಅಪಾಯವೆಂದು ನಾನು ಸಲಹೆಯ ಸಂಖ್ಯೆ ಸಮೇತ ವಿವರಿಸಿದೆ. ನಾಳೆ ಶಿರೂರಿಗೆ ಹೊರಡುವಾಗ ಹೇಗೂ ಒಡೆಯುತ್ತವೆ. ಅವ್ವ ಗಾಡಿಗೆ ಕೈಮುಗಿದು, ನನ್ನ ಕಡೆ ಒಮ್ಮೆ ನೋಡಿ, ಮತ್ತೊಮ್ಮೆ ಕೈಮುಗಿದಳು.

ದಸರೆಯ ಬೆಳಿಗ್ಗೆ ಏಳಕ್ಕೆ ಮೂವರೂ ಸಿದ್ಧ. ಅವ್ವ ಅದೇ ರೇಷ್ಮೆ ಸೀರೆ, ಅಶ್ವಿನಿಯ ಕೈಯಲ್ಲಿ ಬನ್ನಿ ಎಲೆಯ ಚೀಲ. ನಾನು ಕೀಲಿ ತಿರುಗಿಸಿದೆ. ಫಲಕ ಮಂಕಾಗಿ ಮಿಣುಕಿತು. ಪೂರ್ತಿ ತಿರುಗಿಸಿದೆ. 'ಕಟ್' ಎಂದಿತು. ಇನ್ನೊಮ್ಮೆ, 'ಕಟ್ ಕಟ್.' ಆಮೇಲೆ ಅದೂ ಇಲ್ಲ.

ಅಶ್ವಿನಿ ಬನ್ನಿ ಎಲೆಯ ಚೀಲವನ್ನು ಬಾನೆಟ್ಟಿನ ಮೇಲಿಟ್ಟಳು. ಅವ್ವ ಹೇಳಿದಳು. "ಉಳ್ಳಾಗಡ್ಡಿ ಟೆಂಪೊದವನ ನಂಬರ್ ಅದ ಏನೋ? ಬರದಿಟ್ಟಿರಬೇಕಲ್ಲ ನೀ."

ಬರೆದಿಟ್ಟಿದ್ದೆ. ಅದು ಬೇರೆ ಮಾತು.

ಕಾಕಾ ಕೆಳಗಿಳಿದು ಬಂದರು. ಏನಾಯಿತೆಂದು ಕೇಳುವ ಬದಲು, "ಎಲ್ಲಿ, ನಿನ್ನ ವಹಿ ಕೊಡು" ಎಂದು ನೋಟುಬುಕ್ಕು ಇಸಿದುಕೊಂಡರು. ಬ್ಯಾಟರಿಯ ಕಾಲಮ್ಮಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು. ಹನ್ನೆರಡೂವರೆ ವೋಲ್ಟಿನಿಂದ ಶುರುವಾಗಿ, ವಾರ ವಾರ ಇಳಿದು, ಹಿಂದಿನ ದಿನ ಹನ್ನೊಂದೂವರೆ. ಪ್ರತಿಯೊಂದಕ್ಕೂ ತಾರೀಖು, ಕೆಳಗೆ ಹಸಿರು ಶಾಯಿಯ ಗೆರೆ. ಕಾಕಾ ಕನ್ನಡಕ ತೆಗೆದರು.

"ಅಲ್ಲೋ ಗಿರೀಶಾ, ಕಣ್ಣಮುಂದ ದಿನಾ ಸೊರಗೂದನ್ನ ಇಷ್ಟು ಛಂದ ಅಕ್ಷರದಾಗ ಬರದೀಯಲ್ಲೋ! ದಿನಾ ಬಂದು ನಾಡಿ ಹಿಡದೀ, ಚಾರ್ಟ್ ತುಂಬೀದಿ, ಔಷಧ ಕೊಡಲಿಲ್ಲ. ಅದೂ ಹೋಗ್ಲಿ, ಪೇಶಂಟ್ ಕಡಿಂದ ದಿನಾ ಎರಡು ಭಜನೀ ಹಾಡಿಸೀದಿ!"

ನಮ್ಮ ಕಚೇರಿಯಲ್ಲಿ ನಾನು ಐದು ವರ್ಷದಿಂದ ವಾರದ ವರದಿ ತಯಾರಿಸುತ್ತೇನೆ. ಅಂಕಿ ತುಂಬುವುದು ನನ್ನ ಕೆಲಸ, ಓದುವುದು ಮೇಲಿನವರ ಕೆಲಸ. ಇಲ್ಲಿಯೂ ಮೇಲಿನವರು ಯಾರೋ ಓದುತ್ತಿರಬಹುದು ಎಂಬ ಭ್ರಮೆಯಲ್ಲಿದ್ದೆ. ಓದುವವರು ನಿಜಕ್ಕೂ ಮೇಲೆಯೇ ಇದ್ದರು, ಬಾಲ್ಕನಿಯಲ್ಲಿ. ಕೆಳಗೆ ಕರೆಯಲು ನನಗೆ ತೋಚಿರಲಿಲ್ಲ.

ಬಸು ಮಾಮಾನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ. ಆ ಒಂದು ಗುಂಡಿ ಒತ್ತದಿದ್ದರೆ ನನ್ನ ಸಂಸಾರದಲ್ಲಿ ನನಗಿಂದು ಸ್ವಲ್ಪ ಮರ್ಯಾದೆ ಉಳಿದಿರುತ್ತಿತ್ತು.

"ಒಯ್ದಿಂದ ಎಷ್ಟ ಓಡಸೀರಿ?"

"ನಲವತ್ತಮೂರು."

"ನಲವತ್ತಮೂರು ನೂರ್ರಿ? ನಾಕ ತಿಂಗಳಿಗಿ ಭಾಳ ಆತಲ್ಲ."

"ಅಲ್ಲ ಮಾಮಾ. ನಲವತ್ತಮೂರು ಕಿಲೋಮೀಟರು. ನಿಮ್ಮಲ್ಲಿಗೆ ಬಂದುಹೋದದ್ದೂ ಸೇರಿ."

ಆ ಕಡೆ ಸ್ಕ್ರೂಡ್ರೈವರು ಕೆಳಗಿಟ್ಟ ಸದ್ದಾಯಿತು. ಆಮೇಲೆ ಮೆಲ್ಲಗೆ, "ನಾ ಏನ್ ಹೇಳಿದ್ನಿರಿ ನಿಮಗ?"

"ಓಡಿಸಿ ಅಂದಿದ್ದಿರಿ."

"ಬರಕೊಂಡಿರಲಿಲ್ಲೇನ್ರಿ?"

ಅಶ್ವಿನಿ ನನ್ನ ಮುಖ ನೋಡಿದಳು. ಅವ್ವ ನೋಡಿದಳು. ವಾಚ್‌ಮನ್ನನಿಗೆ ಕನ್ನಡ ಬರುವುದಿಲ್ಲ, ಅವನೂ ನೋಡಿದ.

ಕೊನೆಗೆ ಕಾಕಾ ತಮ್ಮ ಪುಟ್ಟ ಕಾರನ್ನು ಪಕ್ಕಕ್ಕೆ ತಂದು, ಅದರ ಬ್ಯಾಟರಿಯಿಂದ ನನ್ನ ಬ್ಯಾಟರಿಗೆ ಎರಡು ದಪ್ಪ ತಂತಿ ಎಳೆದರು. ಎಂಟು ಸೆಕೆಂಡಿನಲ್ಲಿ ನೂರು ಮುಟ್ಟುವ ಗಾಡಿ, ವರ್ಷಕ್ಕೊಮ್ಮೆ ಸ್ನಾನ ಮಾಡುವ ಗಾಡಿಯ ಕೈಹಿಡಿದು ಎದ್ದಿತು. ಎದ್ದಾಗ ಮಾಡಿದ ಗರ್ಜನೆಗೆ ಸೊಸೈಟಿಯ ಪಾರಿವಾಳಗಳೆಲ್ಲ ಹಾರಿದವು. ಹೀಗೆ ಶುರುವಾದ ಮೇಲೆ ಎಷ್ಟು ನಿಮಿಷ ನಿಲ್ಲಬೇಕು ಎಂಬ ಸಲಹೆ ಎಲ್ಲಿದೆ ಎಂದು ನಾನು ಪುಟ ತಿರುವುತ್ತಿದ್ದೆ. ತಲೆಯೆತ್ತಿದಾಗ ಅಶ್ವಿನಿ ಚಾಲಕನ ಸೀಟನ್ನು ಮುಂದಕ್ಕೆಳೆದುಕೊಂಡು ಕೂತಿದ್ದಳು. ಬೆಳಗಾವಿಯಲ್ಲಿ ಅವರಪ್ಪನ ಕಿರಾಣಿ ಅಂಗಡಿಯ ಮಾಲು ತರುವ ಗಾಡಿಯನ್ನು ಕಾಲೇಜಿನ ದಿನಗಳಲ್ಲೇ ಓಡಿಸಿದವಳು.

"ಹತ್ರಿ ಲಗೂನ. ಆರಿಸಿದ್ರ ಮತ್ತ ಮಲಕೋತದ."

ಹತ್ತಿದೆ. ನಾಲ್ಕು ಲಿಂಬೆಹಣ್ಣು ಒಂದರ ಹಿಂದೊಂದು ಒಡೆದವು. ಏಳು ಹಂಪುಗಳಲ್ಲಿ ಆರನ್ನು ಓರೆಯಾಗಿ ದಾಟಿದಳು. ಒಂದರಲ್ಲಿ ಮಾತ್ರ ಹೊಟ್ಟೆ ತಗುಲಿತು. ಗಾಡಿಯದಲ್ಲ, ನನ್ನದೇ ಎನಿಸಿತು. ಶಿಕ್ರಾಪುರ ದಾಟಿ ರಸ್ತೆ ತೆರೆದುಕೊಂಡಾಗ ಆಕೆ ಕಾಲನ್ನು ಒಂದಿಷ್ಟು ಒತ್ತಿದಳು. ಬೆನ್ನು ಸೀಟಿಗೆ ಅಂಟಿತು. ನಾಲ್ಕು ತಿಂಗಳು ನಾನು ಒರೆಸಿ ಹೊದಿಸಿದ್ದು ಏನನ್ನು ಎಂದು ಆಗ ತಿಳಿಯಿತು. ಹಿಂದಿನಿಂದ ಅವ್ವ, "ಅಯ್ಯ, ವಿಮಾನ ಇದ್ಹಂಗ ಅದಲ್ಲವಾ! ಇಷ್ಟು ದಿನ ಯಾಕ ಹೂತಿಟ್ಟಿದ್ದನಿಂವ?" ಎಂದಳು.

ಶಿರೂರಿನಲ್ಲಿ ಮಾಮಾ ಬಾಗಿಲಿಗೇ ಬಂದು, ಗಾಡಿಯ ಹಿಂದೆ ಟೆಂಪೊ ಏನಾದರೂ ಬರುತ್ತಿದೆಯೇ ಎಂದು ರಸ್ತೆಯುದ್ದಕ್ಕೂ ನೋಡಿದರು. "ಈ ಸಲ ಎಲ್ಲೆ ನಿಂತಿತ್ತವಾ?"

ನಾನು ಅಶ್ವಿನಿಯ ಕಡೆ ನೋಡಿದೆ. ಷರತ್ತು ಷರತ್ತೇ. ಅಶ್ವಿನಿ ಬನ್ನಿ ಎಲೆ ಕೊಟ್ಟು, ಮಾಮಾನ ಕಾಲಿಗೆ ನಮಸ್ಕರಿಸಿ, ನಿಧಾನವಾಗಿ ತೀರ್ಪು ಕೊಟ್ಟಳು. "ದಾರ್ಯಾಗ ಎಲ್ಲೂ ನಿಂದ್ರಲಿಲ್ಲ ಮಾಮಾ. ನಿಂತಿದ್ದು ಮನ್ಯಾಗ, ನಾಲ್ಕು ತಿಂಗಳು. ಅದಕ್ಕ ಗಾಡಿ ಮಾರಿ ಏನೂ ಉಪಯೋಗಿಲ್ಲ. ಕೀಲಿ ನನ್ನ ಕಡೆ ಇರಲಿ."

ಈಗ ಗಾಡಿ ದಿನಾ ಹಡಪಸರಕ್ಕೆ ಹೋಗಿಬರುತ್ತದೆ. ಮಳೆ, ಬಿಸಿಲು, ಟ್ರಾಫಿಕ್ಕು, ಮಂಗಳವಾರ, ಯಾವುದನ್ನೂ ಲೆಕ್ಕಿಸುವುದಿಲ್ಲ, ಕ್ಲಚ್ಚೂ ಸುಟ್ಟಿಲ್ಲ. ಅಶ್ವಿನಿಯ ಸ್ಕೂಟರು ನನ್ನ ಪಾಲಿಗೆ ಬಂದಿದೆ. ನೋಟುಬುಕ್ಕಿನಲ್ಲಿ ಬಸು ಮಾಮಾನ ಮಾತನ್ನು ಅರವತ್ತೊಂದನೆಯ ಸಲಹೆಯಾಗಿ, ತಡವಾದರೂ, ದಪ್ಪಕ್ಷರದಲ್ಲಿ ಬರೆದು, ನೋಟುಬುಕ್ಕನ್ನು ಗಾಡಿಯ ಮುಂದಿನ ಖಾನೆಯಲ್ಲೇ ಇಟ್ಟೆ.

ಮೊನ್ನೆ ಸಂಜೆ ಅಶ್ವಿನಿ ಬಂದು ಗಾಡಿ ನಿಲ್ಲಿಸಿದಳು. ನಾನು ಕೆಳಗೇ ನಿಂತಿದ್ದೆ. ಟರ್ಬೊ ತಣ್ಣಗಾಗಲು ಎಂಜಿನ್ನನ್ನು ಒಂದು ನಿಮಿಷ ಹಾಗೇ ಬಿಟ್ಟು ಆಮೇಲೆ ಆರಿಸುವುದು ಒಳ್ಳೆಯದು ಎಂದು, ಆದಷ್ಟು ಸೌಮ್ಯವಾಗಿ, ಕಿಟಕಿಯಲ್ಲಿ ಬಗ್ಗಿ ಹೇಳಿದೆ. ಆಕೆ ತಕರಾರು ಮಾಡಲಿಲ್ಲ. ಖಾನೆಯಿಂದ ನೋಟುಬುಕ್ಕು ತೆಗೆದು, ತಾರೀಖು ಹಾಕಿ, ಅರವತ್ತೆರಡು ಎಂದು ಬರೆದು, ಸಲಹೆಗಾರರ ಹೆಸರಿನಲ್ಲಿ ನನ್ನ ಹೆಸರನ್ನೂ, ಸಲಹೆಯ ಜಾಗದಲ್ಲಿ ನನ್ನ ಮಾತನ್ನೂ ಅಚ್ಚುಕಟ್ಟಾಗಿ ದಾಖಲಿಸಿದಳು. ಅನುಭವದ ಕಾಲಮ್ಮಿಗೆ ಬಂದಾಗ ಒಂದು ಕ್ಷಣ ನನ್ನತ್ತ ನೋಡಿ, ನಕ್ಕು, ಬರೆದಳು: 'ನಲವತ್ತಮೂರು ಕಿಲೋಮೀಟರು.'