ಮೆಂತ್ಯ ಟೆಸ್ಟಿಗೆ ಬಂದವರು

ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆ ಮಾಡುವ ತಂಡದಲ್ಲಿ ನಾನು ನರ್ಸು. ಡಾಕ್ಟರಮ್ಮನ ಜೊತೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ತಿರುಗುತ್ತಿರುತ್ತೇನೆ. ಹೆದರಿದವರಿಗೆ ಧೈರ್ಯ ಹೇಳುವುದು ನನ್ನ ಕೆಲಸ. ಆದರೆ ಅವರೇ ನನ್ನನ್ನು ನಗಿಸಿ ಕಳಿಸುವ ದಿನಗಳೇ ಹೆಚ್ಚು. ಈಗ ಮೆಥಿಲೇಶನ್ ಅಂತ ಹೊಸ ಪರೀಕ್ಷೆ ಬಂದಿದೆ. ಆ ಹೆಸರು ಯಾರ ನಾಲಿಗೆಗೂ ಹತ್ತದೆ ನಮ್ಮ ಕಡೆ ಅದು ‘ಮೆಂತ್ಯ ಟೆಸ್ಟ್’ ಆಗಿಬಿಟ್ಟಿದೆ.

ದಿಕ್ಕು

ಹೊನ್ನಾಳಿಯಲ್ಲಿ ಒಬ್ಬಾಕೆಯ ರಿಪೋರ್ಟ್ ಬಂದಿತ್ತು. ಜೊತೆಗೆ ಗಂಡನೂ ಬಂದಿದ್ದ. ಮನೆ ಕಟ್ಟುವ ಮೇಸ್ತ್ರಿ.

ಡಾಕ್ಟರಮ್ಮ ಮೆಲ್ಲಗೆ, “ಗಾಬರಿ ಬೀಳಬೇಡಿ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಪೂರ್ವ” ಅಂದರು.

ಹೆಂಡತಿಯ ಕಣ್ಣಲ್ಲಿ ನೀರು ಬಂತು. ಮೇಸ್ತ್ರಿ ಕಿಟಕಿ ಕಡೆ ನೋಡಿ ಯೋಚಿಸಿ, “ಪೂರ್ವಕ್ಕಾದ್ರೆ ಚಿಂತಿಲ್ಲ ಬಿಡ್ರಿ ಮೇಡಮ್. ದಕ್ಷಿಣಕ್ಕಿದ್ರೆ ತೊಂದ್ರೆ” ಅಂದ.

ಕ್ಯಾನ್ಸರ್ ಆಗುವುದಕ್ಕೆ ಮುಂಚಿನ ಹಂತ, ಈಗಲೇ ಚಿಕಿತ್ಸೆ ಕೊಟ್ಟರೆ ವಾಸಿಯಾಗುತ್ತೆ ಅಂತ ಡಾಕ್ಟರಮ್ಮ ಬಿಡಿಸಿ ಹೇಳಿದರು. ಆಕೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು: “ಊರವರ ಅಡಿಗೆಮನೆ ಎಲ್ಲಾ ಮುಗೀತು ಸಿಸ್ಟರ್. ಈಗ ಇವರು ನನ್ನ ಹೊಟ್ಟೆಗೂ ವಾಸ್ತು ನೋಡಾಕೆ ಬಂದಾರೆ.”

ಕರೆಂಟು

ಜಗಳೂರು ಕಡೆಯ ಹಳ್ಳಿಯೊಂದರಲ್ಲಿ ಡಾಕ್ಟರಮ್ಮ ಹೆಂಗಸರನ್ನು ಕೂರಿಸಿಕೊಂಡು ಮೆಂತ್ಯ ಟೆಸ್ಟ್ ಏನೆಂದು ವಿವರಿಸುತ್ತಿದ್ದರು. “ನಮ್ಮ ಮೈಯೊಳಗೆ ಕಾವಲು ಕಾಯೋ ಜೀನ್‌ಗಳು ಅಂತ ಇರ್ತಾವೆ. ಅವುಗಳ ಸ್ವಿಚ್ ಆಫ್ ಆಗಿದ್ರೆ ಕಾಯಿಲೆ ಬೆಳೆಯೋ ಅಪಾಯ ಜಾಸ್ತಿ, ಚಿಕಿತ್ಸೆ ಕೊಡ್ತೀವಿ. ಇಲ್ಲದಿದ್ರೆ ಕಾದು ನೋಡಬಹುದು.”

ಎದುರಿಗೆ ಕೂತಿದ್ದ ಒಬ್ಬ ಹೆಂಗಸು ಎದ್ದು ಚಪ್ಪಲಿ ಮೆಟ್ಟಿದಳು. ಯಾಕವ್ವ ಹೊರಟೆ ಅಂತ ಕೇಳಿದೆ.

“ಮುಂದಿನ ವಾರ ಬರ್ತೀನಿ. ಈ ವಾರ ನಮಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿ ಐತೆ. ಹಗಲೊತ್ತು ಎಲ್ಲಾ ಸ್ವಿಚ್ಚೂ ಆಫೇ ಇರ್ತಾವು.”

ಹಲ್ಲು

ತ್ಯಾವಣಿಗೆ ಕಡೆಯ ಒಬ್ಬ ಸೊಸೆಗೆ ಇದೇ ಪೂರ್ವ ಹಂತ ಕಂಡಿತ್ತು. ಮಕ್ಕಳಿನ್ನೂ ಆಗಿರಲಿಲ್ಲ. ಅತ್ತೆಯದು ಒಂದೇ ಹಟ: “ಏನೈತೋ ಕತ್ತರಿಸಿ ತೆಗೀರಿ. ಒಳಗಿಟ್ಕೊಂಡು ಕಾಯೋದು ಯಾವ ನ್ಯಾಯ?” ಅತ್ತೆ ಮಾತಿಗೆ ನಿಂತರೆ ಬೇರೆಯವರಿಗೆ ಬಾಯಿ ತೆರೆಯಲು ಸಂದೇ ಸಿಗದು. ಆಯಮ್ಮ ನೀರು ಕುಡಿಯಲು ಹೋದಾಗ ಸೊಸೆ ನನ್ನ ಕೈ ಹಿಡಿದು, “ಕತ್ತರಿಸಿದ್ರೆ ಮುಂದೆ ಬಸುರು ನಿಲ್ತತಾ ಸಿಸ್ಟರ್?” ಅಂದಳು.

ಡಾಕ್ಟರಮ್ಮ ಮೆಂತ್ಯ ಟೆಸ್ಟ್‌ಗೆ ಕಳಿಸಿದರು. ಫಲಿತಾಂಶದ ದಿನ ಅತ್ತೆ ಲಗೇಜ್ ಆಟೋದಲ್ಲಿ ಚಾಪೆ, ಹೊದಿಕೆ, ಗಂಜಿ ಫ್ಲಾಸ್ಕು ಎಲ್ಲಾ ಹೇರಿಕೊಂಡು ಬಂದಿದ್ದರು, ಆಪರೇಷನ್ ಇವತ್ತೇ ಅಂತ. ಡಾಕ್ಟರಮ್ಮ ನಗುತ್ತಾ, “ಫಲಿತಾಂಶ ಚೆನ್ನಾಗಿದೆ. ಈಗ ಕತ್ತರಿಸೋದು ಬೇಡ. ಆರು ತಿಂಗಳಿಗೆ ತಪ್ಪದೆ ಬಂದು ತೋರಿಸಿ” ಅಂದರು. ಸೊಸೆ ಗೋಡೆಗೊರಗಿ ನೆಮ್ಮದಿಯ ಉಸಿರು ಬಿಟ್ಟಳು.

ಅತ್ತೆ ಮಾತ್ರ ಸಾಮಾನಿನ ಕಡೆ ನೋಡಿದರು. “ಇಷ್ಟು ಹೊತ್ಕೊಂಡು ಬಂದೀವಿ. ಹಂಗೇ ಹೋದ್ರೆ ಊರಾಗೆ ಏನಂತಾರೆ? ಏನಾದ್ರೂ ಮಾಡಿ ಕಳಿಸ್ರಿ.”

“ಮಾಡೋಕೆ ಏನೂ ಇಲ್ಲಮ್ಮ.”

“ಹಂಗಾದ್ರೆ ನನ್ನ ಹಲ್ಲಾದ್ರೂ ಕೀಳ್ರಿ. ಹಬ್ಬದಿಂದ ನೋಯ್ತೈತೆ.”

ಪಕ್ಕದ ಕೋಣೆಯಲ್ಲೇ ಹಲ್ಲಿನ ಡಾಕ್ಟರು ಇದ್ದರು. ನೋಡಿ, ಕೀಳಲೇಬೇಕಾದ ಹಲ್ಲು ಅಂತ ಕಿತ್ತೇಬಿಟ್ಟರು. ಹತ್ತಿ ಇಟ್ಟು, ಕಚ್ಚಿ ಹಿಡಿದಿರಿ, ಮಾತಾಡಬೇಡಿ ಅಂತ ಹೇಳಿ ಬೆಂಚಿನ ಮೇಲೆ ಕೂರಿಸಿದರು. ಸೊಸೆ ಪಕ್ಕದಲ್ಲಿ ಕೂತು ಅತ್ತೆಯ ಬೆನ್ನು ಸವರುತ್ತಿದ್ದಳು. ಆಸ್ಪತ್ರೆಯೇ ತಣ್ಣಗಾದಂತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅವಳು ಎದ್ದು ನನ್ನ ಹತ್ತಿರ ಬಂದು, ಕಿವಿಯಲ್ಲಿ ಕೇಳಿದಳು: “ಸಿಸ್ಟರ್, ಆ ಹತ್ತಿ ಎಷ್ಟು ದಿನ ಇಡಬೌದು?”