ನಮ್ಮ ಶಾಲೆಯ ಗೋಡೆ ಮುಟ್ಟಿದವರು

ನಮ್ಮ ಶಾಲೆಯ ಗೋಡೆಯನ್ನು ಯಾರಾದರೂ ನಿಂತು ನೋಡಿದರೆ ಸಾಕು, ಅವತ್ತು ಏನಾದರೊಂದು ಫಜೀತಿ ಆಗಿಯೇ ತೀರುತ್ತದೆ. ನೋಡಿದವರ ತಪ್ಪೋ, ಅವರನ್ನು ನೋಡುತ್ತ ನಿಂತ ನನ್ನ ತಪ್ಪೋ, ಇನ್ನೂ ತೀರ್ಮಾನ ಆಗಿಲ್ಲ. ಮನೆಯಲ್ಲಿ ನಮ್ಮ ಯಜಮಾನರು, "ನೀ ಹಗ್ಗಾ ಕಂಡ್ರೂ ಹಾವು ಅಂತೀದಿ" ಎನ್ನುತ್ತಾರೆ. ಎನ್ನಲಿ. ಹಗ್ಗ ಅಂದುಕೊಂಡು ಹಾವು ಹಿಡಿದವರೂ ಲೋಕದಲ್ಲಿ ಇದ್ದಾರೆ.

ಶಾಲೆ ಇರುವುದು ಪುಣೆ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ, ಬಾರಾಮತಿ ದಾರಿಗೆ. ಬ್ರಿಟಿಷರ ಕಾಲದ ಕಟ್ಟಡ. ಕರಿಕಲ್ಲಿನ ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯೊಳಗೆ ಒಬ್ಬ ಹುಡುಗ ಆರಾಮಾಗಿ ಅಡ್ಡಾಗಬಹುದು. ತೇಗದ ಕಂಬಗಳ ಉದ್ದನೆಯ ಪಡಸಾಲೆ, ಕಮಾನಿನ ಬಾಗಿಲು, ಮೇಲೆ ಹೆಂಚು. ನೆತ್ತಿಯಲ್ಲಿ ಗಡಿಯಾರಕ್ಕೆಂದು ಒಂದು ದುಂಡನೆಯ ತೂತು ಬಿಟ್ಟಿದ್ದಾರೆ. ಗಡಿಯಾರ ಬರಲಿಲ್ಲ, ಪಾರಿವಾಳ ಬಂದವು. ಮರಾಠಿ ವರ್ಗಗಳ ಜೊತೆಗೆ ನಮ್ಮ ಕನ್ನಡದ ನಾಲ್ಕು ವರ್ಗಗಳೂ ಇಲ್ಲಿಯೇ ನಡೆಯುತ್ತವೆ. ಕಲಬುರಗಿ, ಯಾದಗಿರಿ ಕಡೆಯಿಂದ ಕಬ್ಬಿನ ಕೆಲಸಕ್ಕೂ ಕಟ್ಟಡದ ಕೆಲಸಕ್ಕೂ ಬಂದವರ ಮಕ್ಕಳು. ನಾನು ಅವರ ಅಕ್ಕೋರು, ಅಂದರೆ ಟೀಚರು.

ಕಟ್ಟಡ ಬಜಾರದ ಮೂಲೆಯಲ್ಲಿದೆ. ಅದೇ ಅದರ ಜಾತಕದ ದೋಷ. ಕಳೆದ ವರ್ಷ ಊರ ತುಂಬ ಸುದ್ದಿ ಹಬ್ಬಿತು: ಪುರಸಭೆಯವರು ಕಟ್ಟಡದ ಪರೀಕ್ಷೆ ಮಾಡಿಸುತ್ತಾರಂತೆ, 'ಧೋಕಾದಾಯಕ', ಅಂದರೆ ಅಪಾಯಕಾರಿ, ಎಂಬ ಬೋರ್ಡು ಬಿದ್ದರೆ ಕೆಡವಿ ಯಾರೋ ಬಿಲ್ಡರ ಅಂಗಡಿ ಸಾಲು ಕಟ್ಟುತ್ತಾನಂತೆ. ಮರಾಠಿ ವರ್ಗಗಳಿಗೆ ಬೇರೆ ಜಾಗ ನೋಡಿದ್ದಾರಂತೆ. ಕನ್ನಡದವರಿಗೆ? "ನೋಡೋಣ" ಅಂದರಂತೆ. ಸರಕಾರಿ ಬಾಯಲ್ಲಿ 'ನೋಡೋಣ' ಬಂತೆಂದರೆ ಮುಚ್ಚಿತು ಎಂದೇ ತಿಳಿಯಬೇಕು. ಕಬ್ಬು ಕಡಿಯುವ ಒಬ್ಬ ತಾಯಿ ಬಂದು, "ಅಕ್ಕೋರ, ಸಾಲಿ ಬಂದಾದ್ರ ನನ್ನ ಮಗಳನ್ನೂ ಕಬ್ಬಿನ ಹೊಲಕ್ಕ ಕರಕೊಂಡ್ ಹೋಗೂದಾಗ್ತದ್ರಿ" ಎಂದಳು. ಅಂದಿನಿಂದ ಆ ಗೋಡೆಯ ಹತ್ತಿರ ಸುಳಿದವರೆಲ್ಲ ನನ್ನ ಕಣ್ಣಿಗೆ ಬಿಲ್ಡರನ ಕಡೆಯವರೇ.

ಟೇಪು ಹಿಡಿದವರು

ದೀಪಾವಳಿ ರಜೆ. ತರಕಾರಿಗೆ ಹೋದವಳು ಹಾಗೇ ಶಾಲೆಯ ಕಡೆ ಒಂದು ಸುತ್ತು ಹಾಕಿದೆ. ಪಡಸಾಲೆಯಲ್ಲಿ ಮೂವರು ಅಪರಿಚಿತರು! ಜರಿ ಬಟ್ಟೆಯ ಒಂದು ಜೋಡಿ, ಮತ್ತು ಟೇಪು ಹಿಡಿದು ನಮ್ಮ ಕಮಾನನ್ನು ಅಳೆಯುತ್ತಿದ್ದ ಒಬ್ಬ. ನಾನು ಕಂಬದ ಹಿಂದೆ ಅಡಗಿ ನಿಂತೆ. ಕಂಬ ದಪ್ಪ, ನಾನೂ ದಪ್ಪ, ಹೇಗೋ ಹೊಂದಿಕೊಂಡೆವು.

"ಇಲ್ಲಿಂದ ಅಲ್ಲೀವರ್ಗೂ ಪೂರ್ತಿ ಜಾಗ ನಮಗೆ ಬೇಕು," ಎಂದಳು ಹುಡುಗಿ.

"ಬೆಂಚು, ಬೋರ್ಡು ಏನೂ ಕಾಣ್ಸಬಾರ್ದು. ಸ್ಕೂಲ್ ಅನ್ನೋದೇ ಗೊತ್ತಾಗ್ಬಾರ್ದು," ಎಂದ ಹುಡುಗ.

ಬೆಂಗಳೂರು ಕಡೆಯ ಕನ್ನಡ! ನಮ್ಮ ಭಾಷೆಯವರೇ ನಮ್ಮ ಶಾಲೆಯ ಹೆಸರು ಅಳಿಸಲು ಬಂದರಲ್ಲ ಎಂದು ರಕ್ತ ಕುದಿಯಿತು. ಕೈಯಲ್ಲಿದ್ದ ಮೂಲಂಗಿಯನ್ನೇ ಎತ್ತಿ ಹಿಡಿದು ಹೊರಗೆ ಹಾರಿದೆ. "ಯಾರ್ರಿ ನಿಮ್ಮನ್ನ ಕಳಿಸಿದವ್ರು? ಖರೇ ಹೇಳ್ರಿ!"

ಹುಡುಗಿ ಚಿಟ್ಟನೆ ಚೀರಿ ಹುಡುಗನ ಹಿಂದೆ ಸೇರಿದಳು. ಹುಡುಗ ಟೇಪಿನವನ ಹಿಂದೆ ಸೇರಿದ. ಆಮೇಲೆ ತಿಳಿಯಿತು, ಅವರು ಪುಣೆಯ ಸಾಫ್ಟ್‌ವೇರಿನವರು, ಮುಂದಿನ ತಿಂಗಳು ಮದುವೆ. ಮದುವೆಗೆ ಮೊದಲಿನ ಫೋಟೋ ತೆಗೆಸಲು ಬಂದಿದ್ದರು. ಟೇಪು ಪರದೆ ಕಟ್ಟಲಿಕ್ಕೆ.

"ಸಾರಿ ಆಂಟಿ," ಹುಡುಗ ತೊದಲಿದ. "ಯಾರೂ ಇರಲ್ಲ ಅಂದ್ಕೊಂಡ್ವಿ. ಆನ್‌ಲೈನಲ್ಲಿ ಯಾರೋ ಇದನ್ನ 'ಪಾಳುಬಿದ್ದ ಬಂಗಲೆ' ಅಂತ ಹಾಕಿದ್ರು."

"ಪಾಳ್ ಬಿದ್ದಿಲ್ಲಪಾ," ಎಂದೆ, "ದೀಪಾವಳಿ ಸೂಟಿ ಅದ!"

ಮೂವರು ಅಜ್ಜಂದಿರು

ನಮ್ಮ ಹೆಡ್‌ಮಾಸ್ತರು ಸೊಲ್ಲಾಪುರದವರು. ಕನ್ನಡ, ಮರಾಠಿ ಎರಡರಲ್ಲೂ ಸಮನಾಗಿ ಹೆದರುತ್ತಾರೆ. ಅವರಿಗೊಂದು ಉಪಾಯ ಹೊಳೆಯಿತು. ಇತಿಹಾಸ ಇರುವ ಕಟ್ಟಡಕ್ಕೆ ಯಾರೂ ಸುಲಭವಾಗಿ ಕೈಹಚ್ಚುವುದಿಲ್ಲ, ಆದ್ದರಿಂದ ಇದನ್ನು ಕಟ್ಟಿಸಿದವರು ಯಾರೆಂದು ತಿಳಿದು ಬಾಗಿಲಿಗೆ ಒಂದು ಹೆಸರಿನ ಕಲ್ಲು ಕೂರಿಸೋಣ ಎಂದರು. ಊರಿನ ಮೂವರು ಹಿರಿಯರನ್ನು ಚಹಾಕ್ಕೆ ಕರೆದರು. ಮಾತೆಲ್ಲ ಮರಾಠಿಯಲ್ಲಿ ನಡೆಯಿತು.

ವಾಡೆಯ ಮನೆಯವರು ಶುರು ಮಾಡಿದರು: "ಇದು ನಮ್ಮ ಅಜ್ಜನ ಕುದುರೆ ಲಾಯ. ಕುದುರೆ ಸತ್ತ ಮೇಲೆ ಶಾಲೆಗೆ ಕೊಟ್ಟರು."

ಕಿರಾಣಿ ಅಂಗಡಿಯವರು ನಕ್ಕರು: "ಎಂಥ ಲಾಯ? ನಮ್ಮ ಅಜ್ಜನ ಹತ್ತಿ ಗೋದಾಮು ಇದು."

ನಿವೃತ್ತ ತಲಾಠಿ, ಅಂದರೆ ಊರ ಶಾನುಭೋಗರಾಗಿದ್ದವರು, ಮೇಜು ಕುಟ್ಟಿದರು: "ಎರಡೂ ಸುಳ್ಳು. ನಮ್ಮ ಅಜ್ಜ ಬಿಳಿ ಸಾಹೇಬನ ಬೆನ್ನುಹತ್ತಿ ಶಾಲೆಯೆಂದೇ ಕಟ್ಟಿಸಿದ್ದು."

ನನ್ನ ಸಂಶಯ ಎದ್ದು ಕೂತಿತು. ಇವತ್ತು ಕಲ್ಲಿನ ಮೇಲೆ ಅಜ್ಜನ ಹೆಸರು, ನಾಳೆ ಜಾಗದ ಮೇಲೆ ಮೊಮ್ಮಗನ ಹಕ್ಕು. ಬಹಳ ವಿನಯದಿಂದ ಹೇಳಿದೆ: "ಬಹಳ ಸಂತೋಷವಾಯಿತು. ಮಕ್ಕಳ ಕಕ್ಕಸಿನ ಬಾಗಿಲು ಮುರಿದುಬಿದ್ದಿದೆ. ಕಟ್ಟಿಸಿದವರ ಮನೆಯವರೇ ಅದನ್ನೂ ಮಾಡಿಸಿಕೊಟ್ಟರೆ ಹೆಸರಿನ ಕಲ್ಲು ನಾಳೆಯೇ ಕೂರುತ್ತದೆ."

ಮೂರು ಚಹಾದ ಕಪ್ಪುಗಳು ಒಟ್ಟಿಗೇ ಮೇಜಿಗೆ ಇಳಿದವು.

"ಈಗ ನೆನಪಾಯಿತು," ಎಂದರು ವಾಡೆಯವರು ಕಿರಾಣಿಯವರ ಕಡೆ ತಿರುಗಿ, "ಗೋದಾಮೇ ಇರಬೇಕು. ನಿಮ್ಮ ಅಜ್ಜನದೇ."

"ಛೇ ಛೇ, ಲಾಯವೇ! ಆ ಕಿಟಕಿ ನೋಡಿ, ಕುದುರೆಯ ಮುಖದ ಅಳತೆಗೇ ಇದೆ."

ಇಬ್ಬರೂ ತಲಾಠಿಯವರನ್ನು ನೋಡಿದರು. ಅವರು ಆಗಲೇ ಎದ್ದು ಕೊಡೆ ಹುಡುಕುತ್ತಿದ್ದರು. "ನಾನು ಹೇಳಿದ್ದು ಪಕ್ಕದ ಊರಿನ ಶಾಲೆಯ ವಿಷಯ."

ಗೋಡೆಯೊಳಗಿನ ಹೆಗ್ಗಣ

ಮೂರನೇ ವರ್ಗದ ಹಿಂಗೋಡೆಯಲ್ಲಿ ಒಂದು ಮುಚ್ಚಿದ ಕಮಾನು ಇದೆ. ಉಳಿದದ್ದೆಲ್ಲ ಕಲ್ಲು, ಅದೊಂದು ಮಾತ್ರ ಇಟ್ಟಿಗೆ. ಹಿಂದೆ ಬಾಗಿಲಿತ್ತೋ ಏನೋ. ಒಂದು ದಿನ ಅದರೊಳಗಿಂದ ಟಕ್ ಟಕ್ ಸದ್ದು ಕೇಳಿಸತೊಡಗಿತು.

"ಹೆಗ್ಗಣ ಇರಬೇಕ್ರಿ," ಎಂದರು ಹೆಡ್‌ಮಾಸ್ತರು.

ನಾನು ಕಿವಿಯಿಟ್ಟು ಕಾದೆ. ಬೆಳಗಿನಿಂದ ಕುಟ್ಟುವ ಹೆಗ್ಗಣ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಸುಮ್ಮನಾಗುತ್ತಿತ್ತು, ಮತ್ತೆ ನಾಲ್ಕಕ್ಕೇ ಶುರು.

"ಸರ್, ಒಂದರಿಂದ ನಾಲ್ಕರ ತನಕಾ ಮಲಗೂ ಹೆಗ್ಗಣ ಎಲ್ಲೆರೆ ಅದ ಏನ್ರಿ? ಇದು ಮಧ್ಯಾಹ್ನ ಬಾಗಲಾ ಹಾಕ್ಕೊಂಡು ಮಲಗೂ ಪುಣೆ ಕಡೆ ಅಂಗಡಿಯವ್ರ ಹೆಗ್ಗಣ."

ಬಿಲ್ಡರನ ಜನ ಒಳಗಿನಿಂದಲೇ ಗೋಡೆ ಸಡಿಲ ಮಾಡುತ್ತಿದ್ದಾರೆ ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಶಾಲೆ ಬಿಟ್ಟ ಮೇಲೆ ಒಂದು ಇಟ್ಟಿಗೆ ತೆಗೆದು ನೋಡೋಣ ಎಂದೆ. "ನೀವು ಮನಿಗೆ ಹೋಗ್ರಿ ಅಕ್ಕೋರ, ನಾ ಒಬ್ಬನ ನೋಡ್ತೀನಿ" ಎಂದರು ಹೆಡ್‌ಮಾಸ್ತರು. ಹೆದರುವ ಮನುಷ್ಯನಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತು? ನಾನು ಜಾಗ ಬಿಟ್ಟು ಕದಲಲಿಲ್ಲ. ಅಡಿಗೆ ಕೋಣೆಯಿಂದ ಖಿಚಡಿಯ ದೊಡ್ಡ ಸೌಟು ತಂದು ಅದರ ಹಿಡಿಯಿಂದ ಮೀಟಿದೆ. ಇಟ್ಟಿಗೆ ಜಾರಿ ಬಿತ್ತು. ತೂತಿಗೆ ಕಣ್ಣಿಟ್ಟೆ.

ಆಚೆಯಿಂದ ಒಂದು ಕಣ್ಣು ನನ್ನನ್ನು ನೋಡುತ್ತಿತ್ತು.

ಕಣ್ಣು ಮಾತಾಡಿತು. ನಮ್ಮ ಗೋಡೆಗೆ ಬೆನ್ನು ಹಚ್ಚಿ ಅಂಗಡಿ ಇಟ್ಟಿರುವ ದರ್ಜಿಯ ದನಿ. "ಟೀಚರ್‌ಬಾಯಿ, ಇಲ್ಲಿ ಖಜಾನೆ ಇದೆ ಅಂತ ನಿಮಗೆ ಯಾರು ಹೇಳಿದರು?"

"ನನಗ್ಯಾರೂ ಹೇಳಿಲ್ಲ. ನಿಮಗೆ ಯಾರು ಹೇಳಿದರು?"

"ನಿಮ್ಮ ಹೆಡ್‌ಮಾಸ್ತರು. ಸಮಪಾಲು ಅಂದಿದ್ದಾರೆ."

ತಿರುಗಿ ನೋಡಿದೆ. ಹೆಡ್‌ಮಾಸ್ತರು ಗೇಟಿನ ಹತ್ತಿರ ಇದ್ದರು, ಚಪ್ಪಲಿ ಕೈಯಲ್ಲಿತ್ತು.

ಹಳೇತನದ ಪ್ರದರ್ಶನ

ನಮ್ಮ ಶಾಲೆಗಳಲ್ಲಿ ಒಂದು ಪದ್ಧತಿ ಇದೆ. ಬರುವ ಸಾಹೇಬರಿಗೆ ಏನು ಬೇಕೋ ಅದನ್ನು ತೋರಿಸುವುದು. ಗಿಡ ಎಣಿಸುವವರು ಬಂದರೆ ಊರವರ ಮನೆಯ ಕುಂಡಗಳೆಲ್ಲ ಪಡಸಾಲೆಗೆ ಬರುತ್ತವೆ. ಸ್ವಚ್ಛತೆಯವರು ಬಂದರೆ ಮಕ್ಕಳು ತೊಳೆದ ಕೈಯನ್ನೇ ಮೂರು ಸಲ ತೊಳೆಯುತ್ತಾರೆ.

ಈ ಸಲ ಎರಡು ತಂಡ ಬರುವುದಿತ್ತು. ಮಂಗಳವಾರ ಪುಣೆಯಿಂದ ಹಳೇ ಕಟ್ಟಡಗಳನ್ನು ಉಳಿಸುವ ಜನ. ಅವರಿಗೆ ಕಟ್ಟಡ ಎಷ್ಟು ಹಳತಾಗಿ ಕಂಡರೆ ಅಷ್ಟು ಒಳ್ಳೆಯದು. ಗುರುವಾರ ಪುರಸಭೆಯ ಎಂಜಿನಿಯರು. ಅವರಿಗೆ ಎಷ್ಟು ಗಟ್ಟಿಯಾಗಿ ಕಂಡರೆ ಅಷ್ಟು ಒಳ್ಳೆಯದು. ನಡುವೆ ಬುಧವಾರ ಖಾಲಿ. ಹೆಡ್‌ಮಾಸ್ತರು ಮತ್ತು ನಾನು ಲೆಕ್ಕ ಹಾಕಿದೆವು: ಮಂಗಳವಾರ ಹಳೇದು ಮಾಡೋಣ, ಬುಧವಾರ ಒರೆಸೋಣ, ಗುರುವಾರ ಗಟ್ಟಿ ತೋರಿಸೋಣ.

ಡ್ರಾಯಿಂಗ್ ಮಾಸ್ತರಿಗೆ ಕೆಲಸ ಒಪ್ಪಿಸಿದೆವು. ಜೀವನವಿಡೀ ಮಾವಿನ ಹಣ್ಣು, ಮಡಕೆ ಬಿಡಿಸಿ ಬೇಸತ್ತಿದ್ದ ಮನುಷ್ಯ. ಇದ್ದಿಲು ಪುಡಿ ಕಲಸಿಕೊಂಡು ಸೋಮವಾರ ಸಂಜೆ ಒಳಗೋಡೆಗಳ ಸುಣ್ಣದ ಮೇಲೆ ಬಿರುಕು ಬಿಡಿಸಲು ನಿಂತರು. ಸೂರಿನಿಂದ ನೆಲದವರೆಗೆ, ಕೊಂಬೆ ಒಡೆದು, ನೆರಳು ಕೊಟ್ಟು, ಒಂದಕ್ಕಿಂತ ಒಂದು ಭಯಂಕರ. ಹಿತ್ತಿಲಲ್ಲಿ ಮೊನ್ನೆ ಮೊನ್ನೆ ಪುರಸಭೆಯವರೇ ಕಟ್ಟಿಸಿದ ಸಿಮೆಂಟಿನ ಕೋಣೆಯೊಂದಿತ್ತು. ಅದಕ್ಕೂ ಕೈಹಚ್ಚಲು ಹೊರಟವರನ್ನು ತಡೆದೆ: "ಅದು ಬ್ಯಾಡ್ರಿ, ಹೊಸಾದು."

ಮಂಗಳವಾರ ಬೆಳಿಗ್ಗೆ ಗೇಟಿಗೆ ಜೀಪು ಬಂತು. ಹೂವಿನ ಹಾರ ಹಿಡಿದು ಓಡಿದೆವು. ಇಳಿದವರು ಪುಣೆಯ ಜನ ಅಲ್ಲ, ಎಂಜಿನಿಯರು! "ಗುರುವಾರ ಬೇರೆ ಕೆಲಸ ಬಂತು, ಇವತ್ತೇ ಮುಗಿಸೋಣ" ಎಂದರು. ಅಷ್ಟೇ ಅಲ್ಲ, ಜೀಪಿನ ಹಿಂದೆ ಬಣ್ಣ ಬರೆದು ಸಿದ್ಧವಾಗಿದ್ದ ಬೋರ್ಡೊಂದು ಕಂಡಿತು: 'ಧೋಕಾದಾಯಕ'. ಪರೀಕ್ಷೆಗೆ ಬಂದವರು ಫಲಿತಾಂಶ ಜೊತೆಗೇ ತಂದಿದ್ದರು. ನನ್ನ ಸಂಶಯ ಒಮ್ಮೆಯಾದರೂ ನಿಜವಾಯಿತಲ್ಲ ಎಂದು ಸಂತೋಷಪಡಲು ವೇಳೆ ಇರಲಿಲ್ಲ.

ಎಂಜಿನಿಯರು ಒಳಗೆ ಕಾಲಿಟ್ಟವರು ಅಲ್ಲಿಂದಲೇ ಹಿಂದಕ್ಕೆ ಹಾರಿದರು. "ಅರೆ ದೇವಾ! ಮಕ್ಕಳನ್ನು ಹೊರಗೆ ಕಳಿಸಿ! ಬೋರ್ಡು ತನ್ನಿ!"

ನನಗೆ ಆ ಕಬ್ಬಿನ ತಾಯಿಯ ಮುಖ ಕಣ್ಣ ಮುಂದೆ ಬಂತು. ಮಾನ ಹೋದರೆ ಹೋಗಲಿ ಎಂದು ಡಸ್ಟರನ್ನು ಬಕೆಟ್ಟಿನಲ್ಲಿ ಅದ್ದಿ, ಎಲ್ಲಕ್ಕಿಂತ ದೊಡ್ಡ ಬಿರುಕನ್ನು ಕರಿಹಲಗೆ ಒರೆಸಿದಂತೆ ಮೇಲಿನಿಂದ ಕೆಳಗೆ ಒರೆಸಿಬಿಟ್ಟೆ.

ಎಂಜಿನಿಯರು ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡರು. ವಿಷಯವೆಲ್ಲ ಹೇಳಿದೆ. ಈಗ ಸಂಶಯಪಡುವ ಸರದಿ ಅವರದು. "ಯಾವುದು ಸುಳ್ಳು, ಯಾವುದು ನಿಜ, ನಾನೇ ನೋಡುತ್ತೇನೆ. ಕೊಡಿ ಇಲ್ಲಿ ಡಸ್ಟರು!" ಎಂದು ತೋಳು ಮಡಚಿ ಕೋಣೆ ಕೋಣೆಗೆ ನುಗ್ಗಿದರು. ಒರೆಸಿದರು, ಹೋಯಿತು. ಒರೆಸಿದರು, ಹೋಯಿತು. ಪ್ರತಿ ಬಿರುಕು ಹೋದಾಗಲೂ ಮಕ್ಕಳು ಚಪ್ಪಾಳೆ ತಟ್ಟಿದರು. ಇಡೀ ಹಳೇ ಕಟ್ಟಡದಲ್ಲಿ ಒಂದೇ ಒಂದು ನಿಜವಾದ ಬಿರುಕು ಸಿಗಲಿಲ್ಲ. ಸುತ್ತಿಗೆಯಿಂದ ಕಲ್ಲಿಗೆ ಬಡಿದರು. ಕೈ ಜುಮ್ಮೆಂದು ಬೆರಳು ಬಾಯಲ್ಲಿಟ್ಟುಕೊಂಡರು.

"ಕಟ್ಟಡ ಗಟ್ಟಿ ಇದೆ," ಎಂದು ಕೊನೆಗೂ ಒಪ್ಪಿಕೊಂಡರು. "ವರ್ಗಗಳು ಇಲ್ಲಿಯೇ ನಡೆಯಲಿ." ನನಗೆ ಅಳುವೇ ಬಂತು.

ಹಿತ್ತಿಲ ದಾರಿಯಿಂದ ಹೊರಡುವಾಗ ಸಿಮೆಂಟಿನ ಕೋಣೆಯ ಗೋಡೆಯಲ್ಲಿ ಅವರಿಗೆ ಇನ್ನೊಂದು ಬಿರುಕು ಕಂಡಿತು. "ಇಲ್ಲೂ ಬಿಡಿಸಿದ್ದೀರಾ!" ಎಂದು ನಗುತ್ತ ಡಸ್ಟರು ಹಾಕಿದರು. ಹೋಗಲಿಲ್ಲ. ಜೋರಾಗಿ ತಿಕ್ಕಿದರು. ಬಿರುಕು ಉಳಿಯಿತು, ಗೋಡೆಯೇ ಒಂದು ಹೆಂಚಿನಷ್ಟು ಉದುರಿತು.

ತಂದ ಬೋರ್ಡನ್ನು ಎಂಜಿನಿಯರು ಸುಮ್ಮನೆ ಆ ಕೋಣೆಯ ಬಾಗಿಲಿಗೆ ಹೊಡೆಸಿದರು. ಜೀಪು ಹತ್ತುವಾಗ ಏನಾದರೂ ಒಳ್ಳೆಯ ಮಾತಾಡಬೇಕೆಂದು ಡ್ರಾಯಿಂಗ್ ಮಾಸ್ತರ ಬೆನ್ನು ತಟ್ಟಿ, "ಬಿರುಕು ಬಹಳ ಚೆನ್ನಾಗಿ ಬಿಡಿಸುತ್ತೀರಿ ಮಾಸ್ತರ, ನಿಜವಾದದ್ದರ ಹಾಗೇ ಇದ್ದವು" ಎಂದರು.

ಡ್ರಾಯಿಂಗ್ ಮಾಸ್ತರು ಮನಃಪೂರ್ವಕವಾಗಿ ಕೈಮುಗಿದರು. "ಎಲ್ಲೀದು ಸಾಹೇಬರೇ, ನನ್ನದು ಒರೆಸಿದರೆ ಹೋಗುತ್ತದೆ. ನಿಮ್ಮ ಆಫೀಸಿನವರ ಕೈಚಳಕ ನನಗೆ ಯಾವ ಜನ್ಮಕ್ಕೆ ಬರಬೇಕು!"